ಅಪ್‌ಡೇಟ್: ಸಿಸಿಬಿಎ ಪಾಸಾದೆ, ತೊಡಕು ಬಿಡಿಸಿದ್ದು ಉದ್ಯಮಬಾಗದ ಫೌಂಡ್ರಿ

ಬಿಸಿನೆಸ್ ಅನಾಲಿಸಿಸ್‌ನ (ಸಂಸ್ಥೆಗೆ ಏನು ಬೇಕೆಂದು ಅರಿತು ಪರಿಹಾರ ಸೂಚಿಸುವ ಕೆಲಸ) ಸಿಸಿಬಿಎ ಪ್ರಮಾಣಪತ್ರದ ಪರೀಕ್ಷೆಗೆಂದು, ಆ ಕ್ಷೇತ್ರದ ಕೈಪಿಡಿಯಾದ ಬಾಬಾಕ್ (BABOK) ಮಾರ್ಗದರ್ಶಿಯನ್ನು ಎರಡು ಸಲ ಓದಿದರೂ ಮಾದರಿ ಪ್ರಶ್ನೆಗಳಲ್ಲಿ ಅರ್ಧದಷ್ಟೇ ಸರಿಯಾಗುತ್ತಿವೆ, ಏನು ಮಾಡಲಿ ಎಂದು ಕೇಳಿದ್ದೆನಲ್ಲ? ಮೊನ್ನೆ ಪಾಸಾದೆ! ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದಗಳು.

ಮಾರ್ಗದರ್ಶಿಯಲ್ಲಿ ವಿವರಿಸಿರುವ 30 ಕಾರ್ಯಗಳನ್ನೂ ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡುವ ಸಲಹೆ ನನಗೆ ಒಗ್ಗಲಿಲ್ಲ. ಪರೀಕ್ಷೆಯಲ್ಲಿ ಮೂರು ಗಂಟೆಗೆ 130 ಪ್ರಶ್ನೆಗಳು. ಸನ್ನಿವೇಶ ಕೊಟ್ಟು ಕೇಳುವಾಗ ಬಾಯಿಪಾಠ ಕೈಹಿಡಿಯುವುದಿಲ್ಲ.

ಕೆಲಸಕ್ಕೆ ಬಂದದ್ದು, 'ಪ್ರತಿ ಕಾರ್ಯಕ್ಕೂ ನಿಮ್ಮದೇ ಕೆಲಸದ ಉದಾಹರಣೆ ಬರೆಯಿರಿ' ಎಂದು ಇಲ್ಲಿ ಉತ್ತರಿಸಿದ ಅಕ್ಕನವರೊಬ್ಬರ ಮಾತು. ಆ ಕಾರ್ಯಗಳಲ್ಲಿ, ಬೇಡಿಕೆಗಳನ್ನು ವೆರಿಫೈ ಮಾಡುವುದು, ವ್ಯಾಲಿಡೇಟ್ ಮಾಡುವುದು ಎರಡೂ ನನಗೆ ಸದಾ ಕಲಸಿಹೋಗುತ್ತಿದ್ದವು. ನಾವು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದಕ್ಕೆ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ತಂತ್ರಾಂಶ ಮಾಡುತ್ತಿದ್ದಾಗ ಅಲ್ಲಿನ ಮೇಲ್ವಿಚಾರಕರು, 'ತಿರಸ್ಕೃತವಾದ ಪ್ರತಿ ಎರಕದ ಫೋಟೊ ದಾಖಲಾಗಬೇಕು' ಎಂದಿದ್ದರು. ಆ ಬೇಡಿಕೆಯನ್ನು ಗೊಂದಲವಿಲ್ಲದೆ, ಪರೀಕ್ಷಿಸಿ ನೋಡಲು ಬರುವಂತೆ ಬರೆದಿದ್ದೇವೆಯೇ ಎಂದು ನೋಡುವುದು ವೆರಿಫೈ. ಆ ಫೋಟೊಗಳಿಂದ ತಿರಸ್ಕಾರ ತಗ್ಗಿಸುವ ಮಾಲೀಕರ ಗುರಿಗೆ ನೆರವಾಗುತ್ತದೆಯೇ ಎಂದು ನೋಡುವುದು ವ್ಯಾಲಿಡೇಟ್. ಎಣ್ಣೆ ಮೆತ್ತಿದ ಆ ಮೇಲ್ವಿಚಾರಕರ ರಿಜಿಸ್ಟರ್ ಕಣ್ಣ ಮುಂದೆ ಬಂದರೆ ಸಾಕು, ಉತ್ತರ ತಪ್ಪುತ್ತಿರಲಿಲ್ಲ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಅಚ್ಚರಿ ತಂದಿತು. ಪರೀಕ್ಷೆಯ ಅರ್ಜಿಗೆ ಕಳೆದ 7 ವರ್ಷಗಳಲ್ಲಿ 3,750 ಗಂಟೆಗಳ ಬಿಸಿನೆಸ್ ಅನಾಲಿಸಿಸ್ ಅನುಭವ ಬೇಕು, ಆದರೆ ಹುದ್ದೆಯ ಹೆಸರು 'ಅನಾಲಿಸ್ಟ್' ಎಂದೇ ಇರಬೇಕಿಲ್ಲ. ಮಾಡಿದ ಕೆಲಸವೇ ಲೆಕ್ಕಕ್ಕೆ ಬರುತ್ತದೆ. ಆ ಗಂಟೆಗಳನ್ನು ಓದು ಶುರುಮಾಡುವ ಮುನ್ನವೇ ಬರೆದಿಡಿ. ಹಳೆಯ ಮಿಂಚಂಚೆಗಳನ್ನು ಕೆದಕಿ ಲೆಕ್ಕ ಹಾಕಲು ನನಗೆ ನಾಲ್ಕು ಸಂಜೆಗಳು ಹಿಡಿದವು.