ರಕ್ತನಾಳ ಹಿಗ್ಗಿಸುವ ಔಷಧದ ಪರಿಣಾಮ ಅರಿಯಲು ತೋಳಿನ ರಕ್ತದೊತ್ತಡ ಸಾಕೆ?

ಪ್ರಶ್ನೆ
ನಾನು ಶರೀರಕ್ರಿಯಾಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ವೈದ್ಯರ ಮೇಲ್ವಿಚಾರಣೆಯಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆ ಕೊಟ್ಟು, 5 ನಿಮಿಷದ ಬಳಿಕ ತೋಳಿನ ರಕ್ತದೊತ್ತಡ ಅಳೆದೆವು. ಹಲವರಲ್ಲಿ ಅದು ಹೆಚ್ಚೇನೂ ಬದಲಾಗಲಿಲ್ಲ. ನಾಡಿಬಡಿತ ಮಾತ್ರ ಏರಿತು. ಆದರೆ ಅವರಿಗೆ ತಲೆನೋವು ಬಂದಿತ್ತು, ಮುಖ ಬಿಸಿಯಾಗಿತ್ತು. ಔಷಧ ಕೆಲಸ ಮಾಡಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ದೇಹದೊಳಗೆ ನಳಿಕೆ ತೂರಿಸದೆ ಈ ಪರಿಣಾಮವನ್ನು ಅಳೆಯುವುದು ಹೇಗೆ?

ಉತ್ತರ 1
ರಕ್ತದೊತ್ತಡವೆಂಬುದು ಎರಡು ಸಂಗತಿಗಳ ಗುಣಲಬ್ಧ: ಹೃದಯ ನಿಮಿಷಕ್ಕೆ ಹೊರದೂಡುವ ರಕ್ತ ಮತ್ತು ಸಣ್ಣ ಅಪಧಮನಿಗಳು ಒಡ್ಡುವ ಪ್ರತಿರೋಧ. ಪ್ರತಿರೋಧ ಕುಸಿದೊಡನೆ ನರಮಂಡಲ ಹೃದಯವನ್ನು ಚುರುಕುಗೊಳಿಸುವುದರಿಂದ, ಗುಣಲಬ್ಧವನ್ನಷ್ಟೇ ನೋಡಿದವರಿಗೆ ಒಳಗಿನ ದೊಡ್ಡ ಬದಲಾವಣೆ ಕಾಣುವುದೇ ಇಲ್ಲ. ಆದ್ದರಿಂದ ಹರಿವನ್ನೂ ಅಳೆಯಬೇಕು, ಅದಕ್ಕೆ ಡಾಪ್ಲರ್ ಎಕೊ (ಶ್ರವಣಾತೀತ ಶಬ್ದದಿಂದ ಹೃದಯದಲ್ಲಿ ರಕ್ತದ ವೇಗ ಅಳೆಯುವ ಪರೀಕ್ಷೆ) ಒಳ್ಳೆಯ ದಾರಿ.

ಹೈಡ್ರಲಜೀನ್‌ನಂತಹ, ಮುಖ್ಯವಾಗಿ ಅಪಧಮನಿಗಳನ್ನೇ ಹಿಗ್ಗಿಸುವ ಔಷಧವೊಂದನ್ನು ಕಲ್ಪಿಸಿಕೊಳ್ಳಿ. ಎಡ ಹೃತ್ಕುಕ್ಷಿಯ (ದೇಹಕ್ಕೆ ರಕ್ತ ದೂಡುವ ಹೃದಯದ ಕೋಣೆ) ಹೊರದಾರಿಯ ವ್ಯಾಸ 2 ಸೆಂ.ಮೀ., ಅಂದರೆ ವಿಸ್ತೀರ್ಣ 3.14 ಚದರ ಸೆಂ.ಮೀ. ಒಂದು ಬಡಿತದಲ್ಲಿ ಅಲ್ಲಿ ರಕ್ತ ಸಾಗುವ ದೂರ 20 ಸೆಂ.ಮೀ. ಇದ್ದರೆ ಬಡಿತಕ್ಕೆ 63 ಮಿ.ಲೀ., ನಾಡಿ 70 ಇದ್ದಾಗ ನಿಮಿಷಕ್ಕೆ 4.4 ಲೀಟರ್. ಔಷಧದ ನಂತರ ದೂರ 21, ನಾಡಿ 84 ಆದರೆ ಹರಿವು 5.5 ಲೀಟರ್. ಸರಾಸರಿ ಒತ್ತಡ 95ರಿಂದ 88 ಮಿ.ಮೀ. ಪಾದರಸಕ್ಕೆ ಇಳಿದಿದೆ ಎನ್ನಿ. ಒತ್ತಡದ ಇಳಿಕೆ ಶೇ. 7 ಮಾತ್ರ; ಒತ್ತಡವನ್ನು ಹರಿವಿನಿಂದ ಭಾಗಿಸಿದರೆ ಸಿಗುವ ಪ್ರತಿರೋಧದ ಇಳಿಕೆ ಶೇ. 26ರ ಸುಮಾರು! (ಬಲ ಹೃತ್ಕರ್ಣದ ಒತ್ತಡವನ್ನು ಇಲ್ಲಿ ಬಿಟ್ಟಿದ್ದೇನೆ.)

ವ್ಯಾಸವನ್ನು 2ರ ಬದಲು 1.8 ಎಂದು ಅಳೆದರೆ ಹರಿವು ಶೇ. 19ರಷ್ಟು ಕಡಿಮೆ ಬರುತ್ತದೆ, ಏಕೆಂದರೆ ಅದು ವರ್ಗವಾಗಿ ಲೆಕ್ಕಕ್ಕೆ ಸೇರುತ್ತದೆ. ಒಬ್ಬರಲ್ಲೇ ಮೊದಲು ಮತ್ತು ನಂತರ ಹೋಲಿಸುವಾಗ ಒಮ್ಮೆ ಅಳೆದ ವ್ಯಾಸವನ್ನೇ ಎರಡೂ ಕಡೆ ಬಳಸಿದರೆ ಈ ದೋಷ ಹೋಲಿಕೆಯಿಂದ ಕಳಚಿಹೋಗುತ್ತದೆ.

ಉತ್ತರ 2
ಮೇಲಿನ ಲೆಕ್ಕ ಸರಿ, ಆದರೆ ನಿಮ್ಮ ಔಷಧ ನೈಟ್ರೊಗ್ಲಿಸರಿನ್. ಅದು ಕಡಿಮೆ ಪ್ರಮಾಣದಲ್ಲಿ ಮೊದಲು ಅಭಿಧಮನಿಗಳನ್ನು ಸಡಿಲಿಸುತ್ತದೆ; ರಕ್ತ ಅಲ್ಲಿ ತಂಗುವುದರಿಂದ ಹೃದಯಕ್ಕೆ ಮರಳುವ ರಕ್ತ ತಗ್ಗಿ, ಪ್ರತಿ ಬಡಿತದ ಪ್ರಮಾಣವೂ ಇಳಿಯುತ್ತದೆ. ಜೊತೆಗೆ ದೊಡ್ಡ ಅಪಧಮನಿಗಳೂ ಹಿಗ್ಗುತ್ತವೆ, ದೇಹದ ಅಂಚಿನಿಂದ ಮರಳಿ ಬರುವ ಒತ್ತಡದ ಅಲೆ ಕ್ಷೀಣಿಸುತ್ತದೆ. ತೋಳಿನ ಒತ್ತಡ ಹೆಚ್ಚು ಬದಲಾಗದಿರುವಾಗಲೂ ಮಹಾಪಧಮನಿಯ ಒತ್ತಡ ಸ್ಪಷ್ಟವಾಗಿ ಇಳಿದಿರಬಹುದು. ನಿಮ್ಮ ಫಲಿತಾಂಶಕ್ಕೆ ಇದೇ ಕಾರಣವಿದ್ದೀತು.

ಇದನ್ನು ಹಿಡಿಯಲು ಮಣಿಕಟ್ಟಿನ ನಾಡಿಯ ಮೇಲೆ ಒತ್ತಡ ಸಂವೇದಕವನ್ನಿಟ್ಟು ಅಲೆಯ ಆಕಾರ ದಾಖಲಿಸಬಹುದು, ಇಲ್ಲವೇ ಬೆರಳಿಗೆ ಬೆಳಕಿನ ಸಂವೇದಕ ತೊಡಿಸಬಹುದು. ಬೆರಳಿನ ಅಲೆಯಲ್ಲಿ ಇಳಿಜಾರಿನ ನಡುವಿನ ಕಚ್ಚು ಔಷಧದ ನಂತರ ಕೆಳಕ್ಕೆ ಜಾರುವುದನ್ನು ಒಮ್ಮೆ ಕಣ್ಣಾರೆ ಕಂಡವರು ಮರೆಯಲಾರರು. ಕೈ ತಣ್ಣಗಿದ್ದರೆ ಮಾತ್ರ ಆ ದಾಖಲೆಯನ್ನು ನಂಬಬೇಡಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ನಮ್ಮ ವಿಭಾಗದಲ್ಲಿ ಎದೆಗೆ ಎಲೆಕ್ಟ್ರೋಡ್ ಅಂಟಿಸಿ ವಿದ್ಯುತ್ ಪ್ರತಿಬಾಧೆ (ವಿದ್ಯುತ್ ಹರಿವಿಗೆ ಎದೆ ಒಡ್ಡುವ ತಡೆ) ಅಳೆದು ರಕ್ತದ ಹರಿವನ್ನು ಅಂದಾಜಿಸುವ ಯಂತ್ರವಿದೆ. ಎಕೊ ಬದಲು ಅದನ್ನು ಬಳಸಬಹುದೆ?

ಉತ್ತರ 3
ಬಳಸಬಹುದು, ಮಿತಿ ತಿಳಿದು ಬಳಸಿ. ಬಡಿತ ಬಡಿತಕ್ಕೂ ದಾಖಲೆ ಕೊಡುವುದು ಅದರ ದೊಡ್ಡ ಗುಣ, ಕೆಲವೇ ನಿಮಿಷಗಳಲ್ಲಿ ಬಂದು ಹೋಗುವ ಪರಿಣಾಮಕ್ಕೆ ಇದು ಬಹಳ ಮುಖ್ಯ. ಆದರೆ ಎದೆಯನ್ನು ಒಂದು ಸರಳ ಕೊಳವೆಯೆಂದು ಭಾವಿಸಿ ರೂಪಿಸಿದ ಸೂತ್ರದಿಂದ ಲೀಟರುಗಳನ್ನು ಕಂಡುಹಿಡಿಯುವುದರಿಂದ, ಅದು ಕೊಡುವ ಅಂಕಿಗಿಂತ ಅಂಕಿಯ ಏರಿಳಿತವನ್ನು ನೆಚ್ಚುವುದು ಕ್ಷೇಮ. ಶ್ವಾಸಕೋಶದಲ್ಲಿ ನೀರು ತುಂಬಿದವರಲ್ಲಿ ಅದೂ ಸಂದೇಹಾಸ್ಪದ.

ಇನ್ನೊಂದು ಮಾತು: ಮಲಗಿ ವಿಶ್ರಮಿಸಿದಾಗ ಒತ್ತಡ ತಾನಾಗಿಯೇ ಇಳಿಯುತ್ತದೆ. ಔಷಧವಿಲ್ಲದ ಮಾತ್ರೆಯನ್ನು ಬೇರೊಂದು ದಿನ, ಅದೇ ಭಂಗಿಯಲ್ಲಿ ಕೊಟ್ಟು ಹೋಲಿಸದಿದ್ದರೆ ಯಾವುದು ಔಷಧದ ಪರಿಣಾಮ, ಯಾವುದು ವಿಶ್ರಾಂತಿಯದು ಎಂದು ಹೇಳಲಾಗದು. ಸಿಲ್ಡೆನಾಫಿಲ್ (ನಿಮಿರು ದೌರ್ಬಲ್ಯಕ್ಕೆ ಕೊಡುವ ಮದ್ದು) ಬಗೆಯ ಔಷಧ ಸೇವಿಸಿದವರನ್ನು ಖಂಡಿತ ಸೇರಿಸಬೇಡಿ. ನೈಟ್ರೊಗ್ಲಿಸರಿನ್ ಜೊತೆಗೂಡಿದರೆ ಒತ್ತಡ ಅಪಾಯಕಾರಿಯಾಗಿ ಕುಸಿಯುತ್ತದೆ. ಅಳತೆ ಮುಗಿದ ಮೇಲೂ ಯಾರನ್ನೂ ತಟ್ಟನೆ ಎದ್ದು ನಿಲ್ಲಲು ಬಿಡಬೇಡಿ.