ಸಹಾಯ ಬೇಕು: ಕೊಡಗಿನ ಏರುದಾರಿಗೆ ಇ-ಮೌಂಟನ್ ಬೈಕ್, ಮೋಟಾರ್ ಮುಖ್ಯವೇ ಬ್ಯಾಟರಿಯೇ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಸುತ್ತಲಿನ ತೋಟದ ಮಣ್ಣುದಾರಿಗಳಲ್ಲಿಯೂ, ಭಾಗಮಂಡಲದಿಂದ ತಲಕಾವೇರಿಗೆ ಹೋಗುವ 8 ಕಿ.ಮೀ. ಏರಿನಲ್ಲಿಯೂ ಓಡಿಸಲು ಒಂದು ಇ-ಮೌಂಟನ್ ಬೈಕ್ (ಬ್ಯಾಟರಿ, ಮೋಟಾರಿನ ನೆರವಿರುವ ಗುಡ್ಡಗಾಡಿನ ಸೈಕಲ್) ಕೊಳ್ಳಬೇಕೆಂದಿದ್ದೇನೆ. ಐವತ್ತು ದಾಟಿದ ಮೊಣಕಾಲುಗಳಿಗೆ ಸಾಮಾನ್ಯ ಸೈಕಲ್ಲಿನಲ್ಲಿ ಈ ಏರು ಈಗ ಸಾಧ್ಯವಾಗುತ್ತಿಲ್ಲ, ಸವಾರಿಯನ್ನು ಬಿಡಲು ಮನಸ್ಸೂ ಒಪ್ಪುತ್ತಿಲ್ಲ.

ನೋಂದಣಿಯ ಗೊಡವೆ ಬೇಡವೆಂದು 250 ವಾಟ್, ಗಂಟೆಗೆ 25 ಕಿ.ಮೀ. ಮಿತಿಯೊಳಗಿನ ಬೈಕುಗಳನ್ನೇ ನೋಡುತ್ತಿದ್ದೇನೆ. ಆದರೆ ವಾಟ್ ಒಂದೇ ಆದರೂ ಟಾರ್ಕ್ (ತಿರುಗಿಸುವ ಬಲ) ಬೇರೆ ಬೇರೆ: ಚಕ್ರದ ನಡುವೆ ಕೂರುವ ಕೆಲವು ಹಬ್ ಮೋಟಾರುಗಳಲ್ಲಿ 40 ನ್ಯೂಟನ್ ಮೀಟರ್ ಇದ್ದರೆ, ಪೆಡಲಿನ ಬಳಿ ಕೂರುವ ಮಿಡ್-ಡ್ರೈವ್ ಮೋಟಾರುಗಳಲ್ಲಿ 85ರವರೆಗೂ ಇದೆ. ಮಿಡ್-ಡ್ರೈವ್ ಸೈಕಲ್ಲಿನ ಗೇರುಗಳನ್ನೇ ಬಳಸಿಕೊಳ್ಳುವುದರಿಂದ ಕಡಿದಾದ ಏರಿನಲ್ಲಿ ನಿಧಾನವಾಗಿ ಹತ್ತುವಾಗಲೂ ಕಡಿಮೆ ಬಿಸಿಯಾಗುತ್ತದೆ. ಆದರೆ ಚೈನ್ ಬೇಗ ಸವೆಯುತ್ತದೆ.

ಬ್ಯಾಟರಿಯ ವಿಷಯದಲ್ಲಿ ನನ್ನ ಲೆಕ್ಕ ಹೀಗಿದೆ. ಸವಾರ, ಬೈಕ್, ಚೀಲ ಸೇರಿ 110 ಕಿಲೋ ತೂಕವನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು ಘರ್ಷಣೆಯನ್ನು ಬಿಟ್ಟರೂ ಸುಮಾರು 300 ವಾಟ್-ಅವರ್ (ಬ್ಯಾಟರಿಯ ಶಕ್ತಿಯ ಅಳತೆ) ಬೇಕು. ಅರ್ಧ ಶ್ರಮ ನನ್ನದೇ ಎಂದುಕೊಂಡರೂ, 36 ವೋಲ್ಟ್ 10 ಆಂಪಿಯರ್-ಅವರ್ ಬ್ಯಾಟರಿಯ 360 ವಾಟ್-ಅವರ್ ನಮ್ಮ ಏರಿಳಿತಗಳಲ್ಲಿ ಬೇಗ ಕರಗುತ್ತದೆ. ಸಮತಟ್ಟು ರಸ್ತೆಯಲ್ಲಿ, ಮೋಟಾರಿನ ಕನಿಷ್ಠ ನೆರವಿನಲ್ಲಿ (ಅಸಿಸ್ಟ್) ಅಳೆದ ‘ಒಂದು ಚಾರ್ಜಿಗೆ 100 ಕಿ.ಮೀ.’ ಎಂಬ ಜಾಹೀರಾತಿನ ಮಾತನ್ನು ಇಲ್ಲಿ ನಂಬುವಂತಿಲ್ಲ.

ಕೊಡಗಿನಲ್ಲಿ ಅಥವಾ ಇಂಥದೇ ಮಲೆನಾಡಿನಲ್ಲಿ ಓಡಿಸುತ್ತಿರುವವರು ತಮ್ಮ ತೂಕ, ಬ್ಯಾಟರಿಯ ವಾಟ್-ಅವರ್, ಹತ್ತಿದ ಒಟ್ಟು ಎತ್ತರ ಮತ್ತು ಉಳಿದ ಚಾರ್ಜ್ ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ. ಜೂನ್‌ನಿಂದ ಹಿಡಿಯುವ ಮಳೆಯಲ್ಲಿ ಮೋಟಾರಿನೊಳಗೆ ನೀರು ಸೇರಿದೆಯೇ ಎಂಬುದನ್ನೂ ದಯವಿಟ್ಟು ಬರೆಯಿರಿ.