‘ಟ್ರೋಲಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಗಂಗಾವತಿಯಿಂದ ಬರೆಯುತ್ತಿದ್ದೇನೆ. ಅಂಡಮಾನಿನ ಸಮುದ್ರದಲ್ಲಿ ಕಯಾಕ್ ಅನ್ನುವ ಪುಟ್ಟ ದೋಣಿಯ ಮೇಲೆ ಕೂತು ದೊಡ್ಡ ದೊಡ್ಡ ಮೀನು ಹಿಡಿಯುವವರ ಬಗ್ಗೆ ಒಂದು ಲೇಖನ ಬರೆಯಲು ಹೊರಟಿದ್ದೆ. ಮಿಕ್ಕಿದ್ದೆಲ್ಲ ಹೇಗೋ ಸಾಗಿತು. ‘ಟ್ರೋಲಿಂಗ್’ ಹತ್ತಿರ ಬಂದು ನಿಂತುಬಿಟ್ಟಿದೆ.

ಕೆಲಸ ಇಷ್ಟೇ. ಕಯಾಕಿನವನು ಬೆನ್ನ ಹಿಂದೆ ಗಾಳದ ಕೋಲು ಸಿಗಿಸಿ, ಪ್ಲಾಸ್ಟಿಕ್ಕಿನ ಹುಸಿಮೀನನ್ನು 20–30 ಮೀಟರ್ ಹಿಂದಕ್ಕೆ ಬಿಟ್ಟು, ಹವಳದ ದಿಬ್ಬದ ಅಂಚಿನ ಗುಂಟ ನಿಧಾನವಾಗಿ ಹುಟ್ಟು ಹಾಕುತ್ತಾ ಹೋಗುತ್ತಾನೆ. ಹುಸಿಮೀನು ನೀರೊಳಗೆ ಅಲ್ಲಾಡುತ್ತಾ ಹಿಂದೆ ಬರುತ್ತದೆ. ಅಂಜಲ್ಲೋ ಬರ್ರಾಕುಡವೋ ಜಾಯಂಟ್ ಟ್ರೆವಲಿಯೋ ಬಾಯಿ ಹಾಕಿತು ಅಂದರೆ ಕಥೆ ಉಲ್ಟಾ, ಅಷ್ಟೊತ್ತು ಎಳೆದವನನ್ನೇ ಕಯಾಕ್ ಸಮೇತ ಮೀನು ಎಳೆದುಕೊಂಡು ಹೋಗುತ್ತದೆ.

ಪೇಪರಿನಲ್ಲಿ ಬರುವ ‘ಟ್ರಾಲಿಂಗ್’ ಬೇರೆ. ಅದು ಮಲ್ಪೆ, ಮಂಗಳೂರು ಕಡೆ ಬೋಟುಗಳು ಚೀಲದಂಥ ಬಲೆ ಎಳೆಯುವುದು, ಜೂನ್ 1ರಿಂದ 61 ದಿನ ಸರ್ಕಾರ ನಿಲ್ಲಿಸುತ್ತದಲ್ಲ, ಅದು. ನಮ್ಮ ಲಿಪಿಯಲ್ಲಿ ಟ್ರಾ, ಟ್ರೋ, ಅಷ್ಟೇ ವ್ಯತ್ಯಾಸ. ಸಾಲದ್ದಕ್ಕೆ ‘ಬೆಳಗ್ಗೆಯಿಂದ ಟ್ರೋಲ್ ಮಾಡಿದ’ ಅಂತ ಬರೆದರೆ ಯಾರದೋ ಕಾಲೆಳೆದ ಅಂತಲೇ ಓದುತ್ತಾರೆ, ಅಲ್ವಾ?

ನನಗೆ ಹೊಳೆದದ್ದು ‘ಎಳೆಗಾಳ’. ರಾಯಚೂರಿನ ಗೆಳೆಯ ಒಪ್ಪಲಿಲ್ಲ. ‘ಎಳೆಗರು ಇದ್ದಂಗೆ ಎಳೆಗಾಳ ಏನೋ, ಇನ್ನೂ ಬಲಿತಿಲ್ಲೇನು?’ ಅಂದ. ಅವನ ಪದ ‘ಓಡುಗಾಳ’. ನನಗೆ ಅದು ಹಿಡಿಸಿಲ್ಲ. ಗಾಳ ತಾನೇ ಓಡುವುದಿಲ್ಲ, ಯಾರೋ ಎಳೆಯುತ್ತಿರುತ್ತಾರೆ.

ಆನೆಗುಂದಿಯಲ್ಲಿ ಹರಿಗೋಲಿನ ಮೀನುಗಾರರನ್ನೂ ಕೇಳಿದೆ. ಅವರಲ್ಲಿ ಪದವಿಲ್ಲ, ಇರುವುದಕ್ಕೆ ಕಾರಣವೂ ಇಲ್ಲ. ಹರಿಗೋಲು ದುಂಡಗೆ, ಹುಟ್ಟು ಒಂದು ಕಡೆ ಬಿಟ್ಟರೆ ಸಾಕು ಗಿರಗಿರ ತಿರುಗುತ್ತದೆ. ಹಿಂದೆ ದಾರ ಬಿಟ್ಟರೆ ಸುತ್ತಿಕೊಳ್ಳುವುದೇ ಜಾಸ್ತಿ. ಅವರದು ಬಲೆ ಬಿಟ್ಟು ಕಾಯುವ ಲೆಕ್ಕ. ಅಂದಹಾಗೆ ಕಯಾಕಿಗೇ ‘ಹರಿಗೋಲು’ ಅನ್ನಿ ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನರ ಹಳೆಯ ಕಯಾಕಿಗೆ ಸೀಲ್ ಚರ್ಮ, ನಮ್ಮ ಹಳೆಯ ಹರಿಗೋಲಿಗೆ ದನದ ಚರ್ಮ, ಅಲ್ಲಿಗೆ ನೆಂಟಸ್ತನ ಮುಗಿಯಿತು. ಕಯಾಕ್ ಉದ್ದ, ಕಿರಿದು, ಎರಡೂ ತುದಿಗೆ ಅಲಗಿರುವ ಹುಟ್ಟು. ಅದನ್ನು ಕಯಾಕ್ ಅಂತಲೇ ಬಿಡುತ್ತೇನೆ.

ಗಾಳದ ದಾರ ಸುತ್ತುವ ರೀಲಿನಲ್ಲಿ, ಮೀನು ಎಳೆದಾಗ ದಾರ ಸಲೀಸಾಗಿ ಬಿಚ್ಚದಂತೆ ತಡೆಯುವ ‘ಡ್ರ್ಯಾಗ್’ಗೆ ‘ಬಿಗಿ’ ಅಂತ ಹಾಕಿದ್ದೇನೆ: ‘ಮೀನು ಓಡಿದಾಗ ಬಿಗಿ ಸ್ವಲ್ಪ ಸಡಿಲಿಸಿದ.’ ಅದರ ಬಗ್ಗೆ ತಕರಾರಿಲ್ಲ.

ಕುಂದಾಪುರ, ಭಟ್ಕಳ, ಕಾರವಾರದ ಕಡೆಯವರು ದಯವಿಟ್ಟು ಹೇಳಿ: ದೋಣಿ ಹೋಗುತ್ತಿರುವಾಗಲೇ ಹಿಂದೆ ಗಾಳ ಬಿಟ್ಟು ಅಂಜಲ್ ಹಿಡಿಯುವುದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಹೆಸರಿಲ್ಲದಿದ್ದರೂ ನಡೆಯುತ್ತದೆ, ಬಾಯಲ್ಲಿ ಬರುವ ಕ್ರಿಯಾಪದ ಸಿಕ್ಕರೂ ಸಾಕು.